ವಕ್ರಫಲ ವಿಚಾರ

ಹಣ್ಣಂಗಡಿಯ ಮುಂದೆ ನಿಂತ ಗೃಹಸ್ಥನು ಮೊದಲು ನಂಬುವುದು ತನ್ನ ಕಣ್ಣನ್ನು. ನುಣುಪಾದ ಮೈ, ಸಮನಾದ ಬಣ್ಣ, ತಿದ್ದಿ ತೀಡಿದಂತಹ ಆಕಾರ, ಇವುಳ್ಳ ಹಣ್ಣು ಚೀಲವನ್ನು ಸೇರುವುದು. ಡೊಂಕಾದುದು, ಕಲೆ ಬಿದ್ದುದು, ಎರಡು ಒಂದಾಗಿ ಅಂಟಿಕೊಂಡುದು ಅಂಗಡಿಯಲ್ಲಿಯೇ ಉಳಿಯುವುದು. ಅಂತಹುದೊಂದು ಹಣ್ಣು ಕಣ್ತಪ್ಪಿ ಮನೆಗೆ ಬಂದರೆ, ಇಲ್ಲವೆ ಹಿತ್ತಲಿನ ಮರದಲ್ಲಿಯೇ ಬಿಟ್ಟರೆ, ಅಡಿಗೆಮನೆಯಲ್ಲಿ ಒಂದು ಪ್ರಶ್ನೆ ಏಳುವುದು: ಇದನ್ನು ಮಕ್ಕಳಿಗೆ ಕೊಡಬಹುದೆ? ಹಿರಿಯರು ತಿಂದು ಹೊಟ್ಟೆ ಕೆಡಿಸಿಕೊಂಡರೆ ಒಂದು ದಿನದ ತೊಂದರೆ. ಎಳೆಯ ಶರೀರಕ್ಕೆ ಅದೇ ವಸ್ತು ದೊಡ್ಡ ಅಪಾಯವಾಗಬಹುದು. ಆದುದರಿಂದ ತಾಯಿಯ ಈ ಪ್ರಶ್ನೆಯು ಅತ್ಯಂತ ಉಚಿತವಾದುದು. ಆದರೆ ನಾವು ಅದಕ್ಕೆ ಉತ್ತರ ಕೇಳುವ ಸಾಕ್ಷಿ ಮಾತ್ರ ಅಷ್ಟು ನಂಬಿಕೆಗೆ ಅರ್ಹನಲ್ಲ.

ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂಬುದನ್ನು ನೈಯಾಯಿಕರು ವ್ಯಾಪ್ತಿಯೆಂದು ಕರೆಯುವರು. ವಿರೂಪವಿದ್ದಲ್ಲಿ ವಿಷವಿದೆಯೆಂಬ ವ್ಯಾಪ್ತಿಯು ಹಣ್ಣಿನ ವಿಷಯದಲ್ಲಿ ಸಿದ್ಧಿಸುವುದಿಲ್ಲ. ಸೊಟ್ಟಾದ ಹಣ್ಣು ಬಹುಮಟ್ಟಿಗೆ ನಿರಪರಾಧಿ. ಅದರ ಡೊಂಕು ಮರದ ಜೀವನದಲ್ಲಿ ಎಂದೋ ನಡೆದ ಒಂದು ಸಣ್ಣ ಸಂಗತಿಯ ಗುರುತು. ನಾವು ಹುಡುಕಬೇಕಾದುದು ಬೇರೊಂದನ್ನು. ಹಣ್ಣಿನ ಸಿಪ್ಪೆಯೆಂಬ ಕೋಟೆ ಎಲ್ಲಿಯಾದರೂ ಒಡೆದಿದೆಯೆ, ಒಡೆದಿದ್ದರೆ ಒಳಹೊಕ್ಕವರು ಯಾರು, ಎಂಬುದೇ ಆ ವಿಚಾರ. ಜನಕರಾಯನ ಸಭೆಯಲ್ಲಿ ಅಷ್ಟಾವಕ್ರನ ಎಂಟು ಡೊಂಕುಗಳನ್ನು ಕಂಡು ನಕ್ಕವರು ಆತನ ಚರ್ಮವನ್ನು ನೋಡಿದರೇ ಹೊರತು ಆತನನ್ನು ನೋಡಲಿಲ್ಲ. ಹಣ್ಣಿನ ಸಭೆಯಲ್ಲಿಯೂ ನಾವು ಹಾಗೆಯೇ ನಗುತ್ತಿರುವೆವು.

ಮೊದಲು ಡೊಂಕಿನ ಕಾರಣವನ್ನು ನೋಡೋಣ. ಹಲಸಿನ ಹಣ್ಣನ್ನು ನಾವು ಒಂದು ಹಣ್ಣೆಂದು ಎಣಿಸುವೆವಾದರೂ ವಾಸ್ತವದಲ್ಲಿ ಅದು ನೂರಾರು ಹೂಗಳ ಒಕ್ಕೂಟ. ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದುದು. ಯಾವ ಕಡೆಯ ಹೂಗಳಿಗೆ ಪರಾಗವು ಸರಿಯಾಗಿ ಸಲ್ಲಲಿಲ್ಲವೋ ಆ ಕಡೆ ತೊಳೆ ಕಟ್ಟದೆ, ಬರಿಯ ನಾರುಳಿದು, ಹಣ್ಣು ಒಂದು ಮಗ್ಗುಲಿಗೆ ಗುಳಿಬಿದ್ದು ಸೊಟ್ಟಗಾಗುವುದು. ಕಟ್ಟಿರುವ ತೊಳೆಗಳ ರುಚಿಗೆ ಅದರಿಂದ ಲೋಪವಿಲ್ಲ. ಸೀತಾಫಲವು ಒಂದು ಕಡೆ ಉಬ್ಬಿ ಮತ್ತೊಂದು ಕಡೆ ಸುಕ್ಕುವುದೂ ಇದೇ ಕಾರಣದಿಂದ. ಈಚೆಗೆ ನಮ್ಮ ಪೇಟೆಗಳಲ್ಲಿಯೂ ಕಾಣಬರುವ ಸ್ಟ್ರಾಬೆರಿ ಹಣ್ಣು ಕೆಲವೊಮ್ಮೆ ಕೋಳಿಯ ಜುಟ್ಟಿನಂತೆ ಅಗಲವಾಗಿರುವುದುಂಟು. ಅದೂ ಬೆಳವಣಿಗೆಯ ವಿಕಾರ ಮಾತ್ರ.

ಒಂದೇ ಸಿಪ್ಪೆಯಲ್ಲಿ ಎರಡು ತಿರುಳಿರುವ ಜೋಡಿ ಬಾಳೆಹಣ್ಣಿನ ಮೇಲೆ ನಮ್ಮ ಹೆಂಗಸರಿಗೆ ಬಹುಕಾಲದಿಂದ ಒಂದು ಶಂಕೆಯಿದೆ. ಅದನ್ನು ತಿಂದರೆ ಅವಳಿ ಮಕ್ಕಳಾಗುವುವೆಂದು ಮದುವೆಯಾದ ಹೆಣ್ಣುಮಕ್ಕಳಿಗೆ ಕೊಡರು; ಉಳಿದವರೂ ಏಕೋ ಹಿಂಜರಿಯುವರು. ಅಕ್ಕಪಕ್ಕದ ಎರಡು ಕಾಯಿಗಳು ಎಳೆಯದರಲ್ಲಿಯೇ ಬೆಸೆದುಕೊಂಡು ಬೆಳೆದುದರ ಹೊರತು ಅದರಲ್ಲಿ ವಿಶೇಷವೇನೂ ಇಲ್ಲ. ಅಣ್ಣತಮ್ಮಂದಿರಿಬ್ಬರಿಗೆ ಹಂಚಿಕೊಡಲು ಅದಕ್ಕಿಂತ ಅನುಕೂಲವಾದ ಹಣ್ಣು ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಕೆಲವು ಹಣ್ಣುಗಳನ್ನು ಕೊಯ್ದಾಗ ಒಳಗೆ ಕಾಣುವ ವೈಚಿತ್ರ್ಯವು ಇನ್ನೂ ಹೆಚ್ಚು ಹೆದರಿಸುವುದು. ಪರಂಗಿಯ ಹೊಟ್ಟೆಯಲ್ಲಿ ಇನ್ನೊಂದು ಮರಿ ಪರಂಗಿ ಕುಳಿತಿರುವುದುಂಟು. ಹಲಸಿನ ಬೀಜವು ತೊಳೆಯೊಳಗೇ ಮೊಳೆತು ಬಿಳಿಯ ಬೇರನ್ನು ಚಾಚಿರುವುದುಂಟು. ಕಲ್ಲಂಗಡಿಯ ನಡುವೆ ತಿರುಳು ಬಿರಿದು ಮೂರು ಕವಲಿನ ಟೊಳ್ಳು ಕಾಣುವುದುಂಟು. ಈ ಟೊಳ್ಳನ್ನು ತೋರಿಸಿ, ಇದು ಔಷಧ ಚುಚ್ಚಿದ ಹಣ್ಣೆಂದು ಸಾರುವ ಚಿತ್ರಗಳು ಈಗ ಬೇಸಗೆ ಬಂದಿತೆಂದರೆ ಕೈಯ ದೂರವಾಣಿಯಿಂದ ದೂರವಾಣಿಗೆ ಹಾರುತ್ತಿರುವುವು. ವಸ್ತುತಃ ಹೂಗಳಿಗೆ ಪರಾಗವು ಸಾಲದೆ ಹೋದಾಗ, ಅಥವಾ ನೀರೂ ಬಿಸಿಲೂ ಏರಿಳಿದು ಹೊರಭಾಗವು ಒಳಭಾಗಕ್ಕಿಂತ ಬೇಗ ಬೆಳೆದಾಗ ಈ ಬಿರುಕು ತಾನಾಗಿಯೇ ಆಗುವುದು. ತಿರುಳು ಗಟ್ಟಿಯಾಗಿದ್ದು ಹುಳಿನಾತವಿಲ್ಲದಿದ್ದರೆ ಮಕ್ಕಳಿಗೆ ನಿಶ್ಶಂಕೆಯಾಗಿ ಕೊಡಬಹುದು. ಅದೇ ಹಣ್ಣಿನ ತಳದಲ್ಲಿರುವ ಹಳದಿ ಮಚ್ಚೆಯಂತೂ ಗುಣವೇ ಹೊರತು ದೋಷವಲ್ಲ. ಹೊಲದಲ್ಲಿ ನೆಲವನ್ನೊತ್ತಿಕೊಂಡು ಮಲಗಿ ಚೆನ್ನಾಗಿ ಬಲಿತುದರ ಗುರುತು ಅದು.

ಬಣ್ಣದ ವಿಷಯಕ್ಕೆ ಬರೋಣ. ಕಿತ್ತಳೆಯೂ ಮೋಸಂಬಿಯೂ ಹಣ್ಣಾದ ಮೇಲೆ ಹಳದಿಯೋ ಕೆಂಪೋ ಆಗಲೇಬೇಕೆಂಬ ನಿಯಮವಿಲ್ಲ. ರಾತ್ರಿ ಚಳಿಯಿರುವ ಸೀಮೆಗಳಲ್ಲಿ ಸಿಪ್ಪೆಯ ಹಸಿರು ಕರಗುವುದು. ಸೆಕೆಯ ನಾಡುಗಳಲ್ಲಿ ಒಳಗಿನ ತೊಳೆ ಪಕ್ವವಾದರೂ ಹೊರಗೆ ಹಸಿರು ಉಳಿದುಕೊಳ್ಳುವುದು. ಬಾಳೆಹಣ್ಣಿನ ಮೇಲಿನ ಕಂದುಚುಕ್ಕೆಗಳು ಅದರ ಹಿಟ್ಟು ಸಕ್ಕರೆಯಾಗುತ್ತಿರುವುದರ ಸೂಚನೆ. ನಂಜನಗೂಡಿನ ರಸಬಾಳೆಯಂತೂ ಸಿಪ್ಪೆ ಕಪ್ಪಾದ ಮೇಲೂ ತಿರುಳು ಕೆಡದೆ ನಿಲ್ಲುವುದಕ್ಕೇ ಹೆಸರಾದುದು. ಅದನ್ನು ಬಣ್ಣ ನೋಡಿ ಬಿಸುಟವನು ತನ್ನ ಭಾಗ್ಯವನ್ನೇ ಬಿಸುಟಂತೆ. ದ್ರಾಕ್ಷಿಯ ಮೈಮೇಲೆ ತೆಳುವಾಗಿ ಸಮನಾಗಿ ಹರಡಿದ ಬೂದಿಯಂತಹ ಪೊರೆಯು ಹಣ್ಣು ತಾನೇ ಸುರಿಸಿಕೊಂಡ ಮೇಣ. ಅದನ್ನೇ ಔಷಧಿಯ ಪುಡಿಯೆಂದು ಬಗೆಯಬಾರದು; ಆದರೆ ಹನಿಹನಿಯಾಗಿ ಒಣಗಿ ಕಲೆಗಟ್ಟಿರುವುದು ಸಿಂಪಡಿಸಿದ ದ್ರಾವಣವಾಗಿರಬಹುದು. ತೊಳೆಯುವುದಂತೂ ಎರಡಕ್ಕೂ ಇರತಕ್ಕದ್ದೇ. ಸೀತಾಫಲದ ಸಂದುಗಳಲ್ಲಿ ಬಿಳಿಯ ಹಿಟ್ಟಿನಂತೆ ಕೂರುವುದು ಹಿಟ್ಟುತಿಗಣೆ. ಅದು ಸುರಿಸುವ ಸಿಹಿನೀರಿನ ಮೇಲೆ ಮಸಿಯಂತಹ ಬೂಷ್ಟು ಬೆಳೆದು ಹಣ್ಣು ಒಲೆಯಿಂದ ತೆಗೆದಂತೆ ಕಾಣುವುದು. ಒರಸಿ ತೊಳೆದರೆ ಹೋಗುವುದು. ಆದರೆ ಹಣ್ಣೇ ಒಣಗಿ ಕಲ್ಲಿನಂತೆ ಕರಿದಾಗಿದ್ದರೆ ಅದು ರೋಗ. ತಿನ್ನಲು ಅದರಲ್ಲಿ ಏನೂ ಉಳಿದಿರುವುದಿಲ್ಲ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಒಂದು ಸಂಜೆ ಸೆರಗಿನ ಮರೆಯಲ್ಲಿ ಪರಂಗಿಹಣ್ಣೊಂದನ್ನು ತಂದಳು. ಅದರ ಮೈತುಂಬ ಯಾರೋ ಬಳೆಯನ್ನೊತ್ತಿದಂತೆ ಉಂಗುರ ಉಂಗುರವಾದ ಗುರುತುಗಳು.

“ಮೇಷ್ಟರೆ, ನಮ್ಮ ಹಿತ್ತಲದು. ಅತ್ತೆಯವರು ನೋಡಿ ದೃಷ್ಟಿಯಾಗಿದೆ, ಮಗುವಿಗೆ ಕೊಡಬೇಡವೆನ್ನುತ್ತಾರೆ. ನೀವೇನು ಹೇಳುತ್ತೀರಿ?”

“ದೃಷ್ಟಿಯಲ್ಲ ತಾಯಿ, ಗಿಡಕ್ಕೆ ಬಂದ ಜಾಡ್ಯ. ಎಲ್ಲಿಯಾದರೂ ಒಡೆದಿದೆಯೋ?”

“ಇಲ್ಲ.”

“ಹಾಗಾದರೆ ಕೊಯ್ದು ನೋಡು. ತಿರುಳು ಚೆನ್ನಾಗಿದ್ದರೆ ಅತ್ತೆಯವರಿಗೇ ಮೊದಲ ಹೋಳು ಕೊಡು.”

ಅದು ಪರಂಗಿಯ ಉಂಗುರಚುಕ್ಕೆ ರೋಗ. ಹೇನುಗಳು ಗಿಡದಿಂದ ಗಿಡಕ್ಕೆ ಒಯ್ಯುವ ವೈರಸ್ಸಿನಿಂದ ಬರತಕ್ಕದ್ದು. ಗಿಡಕ್ಕೆ ಅದು ಮಾರಕ, ಬೆಳೆಗಾರನಿಗೆ ದುಃಖಕರ. ಹಣ್ಣಿನ ಸಿಹಿ ಸ್ವಲ್ಪ ಕಡಮೆಯಾಗುವುದು. ಮನುಷ್ಯರಿಗೆ ಅದರಿಂದ ರೋಗವಿಲ್ಲ. ಗಿಡದ ರೋಗ ಗಿಡಕ್ಕೆ. ಅದರ ವೈರಸ್ಸು ನಮ್ಮ ದೇಹದಲ್ಲಿ ಮನೆ ಮಾಡಲಾರದು. ಬಳ್ಳಾರಿ ಚಿತ್ರದುರ್ಗಗಳ ಕಡೆಯ ದಾಳಿಂಬೆಯ ಮೇಲೆ ಎಣ್ಣೆ ಸಿಡಿದಂತೆ ಕಾಣುವ ಕರಿಯ ಚುಕ್ಕೆಗಳೂ ಹೀಗೆಯೇ. ಅದು ಸಸ್ಯಕ್ಕೆ ತಗಲುವ ದುಂಡಾಣುವಿನ ಕೆಲಸ. ಸಿಪ್ಪೆ ಸೀಳದಿದ್ದರೆ ಒಳಗಿನ ಕಾಳು ಸಾಮಾನ್ಯವಾಗಿ ಶುದ್ಧವಾಗಿರುವುದು. ಸೀಳಿದ್ದರೆ ಮಾತು ಬೇರೆ.

ಇನ್ನು ಮಗ್ಗುಲು ಮಗುಚಿ ನೋಡೋಣ. ಸಂಸ್ಕೃತ ಗ್ರಂಥಗಳಲ್ಲಿ, ವಿಶೇಷವಾಗಿ ಜೈನರ ವೈರಾಗ್ಯಪರ ಕೃತಿಗಳಲ್ಲಿ, ಕಿಂಪಾಕವೆಂಬ ಹಣ್ಣಿನ ಹೆಸರು ಪದೇ ಪದೇ ಬರುವುದು. ನೋಡಲು ಮನೋಹರ, ತಿಂದವನಿಗೆ ಮೃತ್ಯು. ಅದು ನಮ್ಮ ಕಾಡುಗಳ ಕಾಸರಕವೇ ಇರಬೇಕೆಂದು ಕೆಲವರು ಊಹಿಸಿರುವರು. ಕಿತ್ತಳೆಯಂತೆ ಹೊಳೆಯುವ ಆ ಹಣ್ಣಿನೊಳಗೆ ಸ್ಟ್ರಿಕ್ನೀನೆಂಬ ಘೋರವಿಷದ ಬೀಜಗಳಿರುವುದರಿಂದ ಊಹೆ ಅಸಂಗತವಲ್ಲ. ಪೇಟೆಯಲ್ಲಿ ಕಾಸರಕವನ್ನು ಯಾರೂ ಮಾರರು. ಆದರೆ ಚೆಲುವಿನ ಮರೆಯಲ್ಲಿ ದೋಷವನ್ನಿಟ್ಟುಕೊಂಡ ಹಣ್ಣುಗಳು ದಿನವೂ ಮಾರಾಟವಾಗುತ್ತಿವೆ. ಆಪೂಸು ಮಾವು ಹೊರಗೆ ಚಿನ್ನದ ಗಟ್ಟಿಯಂತಿದ್ದು ಒಳಗೆ ಓಟೆಯ ಸುತ್ತ ಬಿಳಿಚಿದ, ಹುಳಿಯಾದ, ಬೆಂಡಿನಂತಹ ತಿರುಳನ್ನಿಟ್ಟುಕೊಂಡಿರುವುದನ್ನು ಎಲ್ಲರೂ ಕಂಡಿರುವರು. ಅದು ವಿಷವಲ್ಲ, ನಿರುಪಯೋಗಿ, ಅಷ್ಟೇ. ಓಟೆಯನ್ನೊಡೆದಾಗ ಹೊರಬೀಳುವ ಕರಿಯ ಮೂತಿಹುಳುವು ಹೂವಿನ ಕಾಲದಲ್ಲಿಯೇ, ಕಾಯಿ ಗೋಲಿಯಷ್ಟಿದ್ದಾಗಲೇ ಒಳಸೇರಿದುದು. ಅದು ಹೊಕ್ಕ ಗಾಯವು ಮಾಯ್ದು ಗುರುತೇ ಉಳಿದಿರುವುದಿಲ್ಲ. ಸೀಬೆಯೊಳಗಿನ ಬಿಳಿಯ ಹುಳುಗಳು ಹಣ್ಣುನೊಣದ ಮರಿಗಳು. ತಾಯಿನೊಣವು ಸೂಜಿಯಂತಹ ಅಂಗದಿಂದ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುವುದು. ತಿಳಿಯದೆ ಒಂದೆರಡನ್ನು ನುಂಗಿದ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಹುಳು ಹರಿದಾಡಿದ ದಾರಿಯುದ್ದಕ್ಕೂ ಕೊಳೆತವು ಹರಡಿರುವುದರಿಂದ ಆ ಹಣ್ಣು ಮಕ್ಕಳಿಗೆ ತಕ್ಕುದಲ್ಲ. ಅತ್ತಿಯ ಹಣ್ಣಿನ ಮಾತು ಬೇರೆ. ಅದರೊಳಗಿನ ಕೀಟಗಳಿಲ್ಲದೆ ಅದು ಹಣ್ಣಾಗುವುದೇ ಇಲ್ಲ. ಅತ್ತಿಯೂ ಅದರೊಳಗಿನ ಮಶಕವೂ ಕೂಡಿಯೇ ಇದ್ದರೂ ಬೇರೆ ಬೇರೆ ಎಂಬ ದೃಷ್ಟಾಂತವನ್ನು ಮಹಾಭಾರತದ ಶಾಂತಿಪರ್ವದಲ್ಲಿ ತತ್ತ್ವವಿಚಾರಕ್ಕೇ ಬಳಸಿರುವರು.

ಚೆಲುವನ್ನು ಕೃತಕವಾಗಿ ಬರಿಸುವ ಕಾರ್ಬೈಡಿನ ವಿಷಯವನ್ನು ಇಲ್ಲಿಯೇ ಹೇಳಬೇಕು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಆ ವಸ್ತುವಿನಲ್ಲಿ ಪಾಷಾಣದ ಹಾಗೂ ರಂಜಕದ ಅಂಶಗಳು ಬೆರೆತಿರುವುದೇ ಅದಕ್ಕೆ ಕಾರಣ. ಎಥಿಲೀನ್ ಅನಿಲವನ್ನು ಮಿತಪ್ರಮಾಣದಲ್ಲಿ ಬಳಸಲು ಅನುಮತಿಯುಂಟು. ಅದು ಹಣ್ಣು ತಾನೇ ಉತ್ಪಾದಿಸಿಕೊಳ್ಳುವ ವಸ್ತು. ಋತುವಿಗೆ ಬಹಳ ಮುಂಚೆ ಬಂದು, ಒಂದೂ ಕಲೆಯಿಲ್ಲದೆ ಅಡಿಯಿಂದ ಮುಡಿಯವರೆಗೆ ಒಂದೇ ಹಳದಿಯಾಗಿದ್ದು, ಮೂಗಿಗೆ ಪರಿಮಳವಿಲ್ಲದೆ, ಒಳಗೆ ಗಟ್ಟಿಯಾಗಿ ಹುಳಿಯಾಗಿರುವ ಮಾವನ್ನು ಸಂದೇಹಿಸಬೇಕು. ಇಲ್ಲಿ ಸೊಟ್ಟ ಹಣ್ಣಿಗಿಂತ ಸೊಗಸಿನ ಹಣ್ಣೇ ವಿಚಾರಣೆಗೆ ಒಳಗಾಗಬೇಕಾದುದು.

ಈಗ ಮುಖ್ಯ ವಿಷಯಕ್ಕೆ ಬರುವೆನು. ಗಿಳಿ ಕಚ್ಚಿದ ಹಣ್ಣು ಸಿಹಿಯೆಂಬ ಮಾತನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ಇದು ನಮ್ಮ ಅಜ್ಜಿಯರ ಮಾತು ಮಾತ್ರವಲ್ಲ. ಭಾಗವತದ ಪ್ರಾರಂಭದಲ್ಲಿಯೇ ಆ ಗ್ರಂಥವನ್ನು ಶುಕನ ಮುಖದಿಂದ ಜಾರಿಬಿದ್ದ ಹಣ್ಣಿಗೆ ಹೋಲಿಸಿದ್ದಾರೆ. ಶುಕಮುನಿಯೆಂದೂ ಗಿಳಿಯೆಂದೂ ಎರಡರ್ಥ ಬರುವ ಆ ರೂಪಕವು ಈ ಲೋಕರೂಢಿಯ ಮೇಲೆಯೇ ನಿಂತಿದೆ. ಪಕ್ಷಿಯು ಪಕ್ವವಾದುದನ್ನೇ ಆರಿಸುವುದರಿಂದ ರೂಢಿಯಲ್ಲಿ ಸತ್ಯಾಂಶವೂ ಉಂಟು. ಆದರೆ ರೂಪಕವನ್ನು ಆಸ್ವಾದಿಸುವುದು ಬೇರೆ, ಮುಂಜಾನೆ ಹಿತ್ತಲಿನಲ್ಲಿ ಬಿದ್ದ ಅರೆಗಚ್ಚಿದ ಸೀಬೆಯನ್ನು ಆರಿಸಿ ಮಗುವಿನ ಕೈಗೆ ಕೊಡುವುದು ಬೇರೆ. ರಾತ್ರಿ ಆ ಮರಕ್ಕೆ ಬಂದವನು ಗಿಳಿಯೇ ಎಂದು ಹೇಳುವವರಾರು? ಗಿಳಿಗಳು ಹಗಲಿನ ಅತಿಥಿಗಳು. ಇರುಳಿನಲ್ಲಿ ಬರುವುದು ಬಾವಲಿ.

1998ರಿಂದ 1999ರವರೆಗೆ ಮಲೇಷ್ಯಾ ದೇಶದಲ್ಲಿ ಹಂದಿಗಳನ್ನು ಸಾಕುವವರಲ್ಲಿ ಮಿದುಳುಜ್ವರವೊಂದು ಕಾಣಿಸಿಕೊಂಡು ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಹಂದಿಗೂಡುಗಳ ಮಗ್ಗುಲಲ್ಲಿ ಹಣ್ಣಿನ ಮರಗಳಿದ್ದುವು. ಬಾವಲಿಗಳು ಅಗಿದು ಕೆಡವಿದ ಹಣ್ಣನ್ನು ಹಂದಿಗಳು ತಿಂದುವು. ಹಂದಿಗಳಿಂದ ರೋಗವು ಮನುಷ್ಯರಿಗೆ ದಾಟಿತು. ರೋಗಕ್ಕೆ ಕಾರಣವಾದ ವೈರಸ್ಸಿಗೆ ಅಲ್ಲಿಯ ಹಳ್ಳಿಯ ಹೆಸರಿನಿಂದ ನಿಪಾ ಎಂಬ ಹೆಸರಾಯಿತು. ಬಾಂಗ್ಲಾದೇಶದಲ್ಲಿ ಇದೇ ರೋಗವು ಬಾವಲಿಗಳು ನೆಕ್ಕಿದ ಖರ್ಜೂರಜಾತಿಯ ಮರದ ಹಸಿ ನೀರಾದ ಮೂಲಕ ಹರಡಿರುವುದು ಸಿದ್ಧಪಟ್ಟಿದೆ. ನಮ್ಮ ನೆರೆಯ ಕೇರಳದ ಕೋಳಿಕ್ಕೋಡು ಮಲಪ್ಪುರಂ ಜಿಲ್ಲೆಗಳಲ್ಲಿ 2018ರ ಮೇ ತಿಂಗಳಲ್ಲಿ ಅದು ತಲೆದೋರಿದಾಗ 17 ಮಂದಿ ಅಸುನೀಗಿದರು. ರೋಗಿಗಳ ಶುಶ್ರೂಷೆ ಮಾಡಿದ ದಾದಿಯೊಬ್ಬಳೂ ಅವರಲ್ಲಿ ಸೇರಿದ್ದಳು. 2021ರಲ್ಲಿಯೂ 2024ರಲ್ಲಿಯೂ ಅದೇ ಪ್ರಾಂತದ ಬಾಲಕರು ಈ ರೋಗಕ್ಕೆ ತುತ್ತಾದರು. ಕೇರಳದ ಈ ರೋಗಿಗಳಿಗೆ ಹಣ್ಣಿನ ಮೂಲಕವೇ ರೋಗ ಬಂದಿತೆಂದು ಸಾಧಿತವಾಗಿಲ್ಲ. ಅಲ್ಲಿಯ ಬಾವಲಿಗಳಲ್ಲಿ ವೈರಸ್ಸು ಇರುವುದು ಮಾತ್ರ ನಿಶ್ಚಿತವಾಗಿದೆ. ರೋಗಕ್ಕೆ ಸಿದ್ಧೌಷಧವಾಗಲಿ, ಬಳಕೆಗೆ ಒಪ್ಪಿತವಾದ ಲಸಿಕೆಯಾಗಲಿ ಇಲ್ಲ. ಬಾವಲಿಗೆ ಜಿಲ್ಲೆಯ ಎಲ್ಲೆಕಟ್ಟುಗಳಿಲ್ಲ. ಕೊಡಗು, ದಕ್ಷಿಣ ಕನ್ನಡ, ಚಾಮರಾಜನಗರದ ತೋಟಗಳು ಅದರ ಹಾರಾಟಕ್ಕೆ ದೂರವೂ ಅಲ್ಲ.

ಇಷ್ಟನ್ನು ಬರೆದುದು ಬಾವಲಿಗಳ ಮೇಲೆ ದ್ವೇಷ ಹುಟ್ಟಿಸಲಲ್ಲ. ಅವು ಎಷ್ಟೋ ಮರಗಳ ಹೂಗಳಿಗೆ ಪರಾಗವನ್ನೊದಗಿಸಿ ಬೀಜಗಳನ್ನು ದೂರ ಬಿತ್ತಿ ಉಪಕಾರ ಮಾಡುವ ಪ್ರಾಣಿಗಳು; ಅವುಗಳ ಮರಗಳನ್ನು ಕಡಿದು ಓಡಿಸುವುದರಿಂದ ಅಪಾಯವು ಹೆಚ್ಚುವುದೇ ಹೊರತು ತಗ್ಗದು. ನಾವು ಮಾಡಬೇಕಾದುದು ಸುಲಭ. ಹಲ್ಲಿನ, ಉಗುರಿನ, ಕೊಕ್ಕಿನ ಗುರುತಿರುವ ಹಣ್ಣನ್ನು, ಅದು ಎಷ್ಟೇ ಸಿಹಿಯಾಗಿ ಕಂಡರೂ, ಇಡಿಯಾಗಿ ಬಿಸುಡಬೇಕು. ಕಚ್ಚಿದ ಭಾಗವನ್ನು ಮಾತ್ರ ಕೊಯ್ದು ಉಳಿದುದನ್ನು ಕೊಡುವ ಮಿತವ್ಯಯವು ಇಲ್ಲಿ ಸಲ್ಲದು. ಎಂಜಲು ಚಾಕುವಿನ ಜತೆಯಲ್ಲಿಯೇ ಪ್ರಯಾಣ ಮಾಡುವುದು. ಅಂತಹುದನ್ನು ಮಕ್ಕಳಿಂದ ಆರಿಸಿಸಬಾರದು. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಗಾಯವಿಲ್ಲದ ಹಣ್ಣನ್ನೂ ತೊಳೆದು ಸಿಪ್ಪೆ ತೆಗೆದು ಕೊಡುವುದು ಆ ಸೀಮೆಗಳಲ್ಲಿ ಉತ್ತಮ.

ಸಿಪ್ಪೆ ಒಡೆದ ಮೇಲೆ ಬರುವ ಇನ್ನೊಬ್ಬ ಅತಿಥಿಯೆಂದರೆ ಬೂಷ್ಟು. ನಮ್ಮ ಮನೆಗಳ ಹಿರಿಯ ಹೆಂಗಸರು ಕೊಳೆತ ಭಾಗವನ್ನು ಕೊಯ್ದು ಉಳಿದುದನ್ನು ಉಪಯೋಗಿಸುವುದರಲ್ಲಿ ನಿಪುಣರು. ಬಡತನವು ಕಲಿಸಿದ ಆ ನೈಪುಣ್ಯಕ್ಕೆ ನಾನು ತಲೆಬಾಗುವೆನು. ಆದರೆ ಅದಕ್ಕೊಂದು ಎಲ್ಲೆಯಿದೆ. ಬಿದ್ದು ಜಜ್ಜಿದ ಸೇಬಿನ ಕಂದುಭಾಗವು ಬೂಷ್ಟಿಲ್ಲದಿದ್ದರೆ ಕೊಯ್ದು ಹಾಕತಕ್ಕದ್ದು, ಉಳಿದುದು ನಿರ್ದೋಷ. ಕೊಯ್ದಿಟ್ಟ ಸೇಬು ಗಾಳಿಗೆ ಕೆಂಪಗಾದುದೂ ನಿರ್ದೋಷ. ಆದರೆ ನೀಲಿಹಸಿರಿನ ಬೂಷ್ಟು ಕೂತ ಸೇಬಿನಲ್ಲಿ ಪ್ಯಾಟ್ಯುಲಿನ್ ಎಂಬ ವಿಷದ್ರವ್ಯವು ಉತ್ಪನ್ನವಾಗುವುದುಂಟು. ಅದು ಕಾಣುವ ಕಲೆಯನ್ನು ದಾಟಿ ಒಳಕ್ಕೂ ಹರಡಬಲ್ಲುದು, ಕುದಿಸಿದರೂ ಪೂರ್ಣವಾಗಿ ನಾಶವಾಗದು. ಸೇಬಿನ ರಸದಲ್ಲಿ ಇದು ಕಿಲೋಗ್ರಾಮಿಗೆ 50 ಮೈಕ್ರೋಗ್ರಾಂ ಮೀರಬಾರದೆಂದು ಕಟ್ಟಳೆಯಿದೆ. ಯೂರೋಪಿನಲ್ಲಿ ಹಸುಗೂಸುಗಳ ಆಹಾರಕ್ಕೆ ಆ ಮಿತಿಯನ್ನು 10ಕ್ಕೆ ಇಳಿಸಿರುವರು. ಒಂದೇ ವಸ್ತು, ಮಕ್ಕಳಿಗೆ ಐದು ಪಾಲು ಹೆಚ್ಚು ಕಟ್ಟುನಿಟ್ಟು. ಹಿರಿಯರಿಗೆ ಒಗ್ಗಿದುದು ಕಿರಿಯರಿಗೂ ಒಗ್ಗುವುದೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ. ಮೆತ್ತನೆಯ ಹಣ್ಣುಗಳಲ್ಲಿ, ಅಂದರೆ ದ್ರಾಕ್ಷಿ, ಸ್ಟ್ರಾಬೆರಿ, ಅಂಜೂರ, ಮಾಗಿದ ಮಾವುಗಳಲ್ಲಿ, ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಆಳಕ್ಕಿಳಿಯುವುವು. ಬೂಷ್ಟು ಕಂಡ ಹಣ್ಣನ್ನು ಇಡಿಯಾಗಿ ತೆಗೆದುಹಾಕಬೇಕು. ಕೆಟ್ಟ ಹಣ್ಣನ್ನು ಪಾನಕಕ್ಕೋ ರಸಾಯನಕ್ಕೋ ಎತ್ತಿಡುವ ಅಭ್ಯಾಸವು ಎಲ್ಲಕ್ಕಿಂತ ಕೆಟ್ಟುದು, ಏಕೆಂದರೆ ಹಿಂಡಿದ ಬಳಿಕ ನೋಡಿ ತಿಳಿಯುವ ದಾರಿಯೇ ಮುಚ್ಚಿಹೋಗುವುದು.

ಕಣ್ಣಿಗಿಂತ ಮೂಗೂ ನಾಲಗೆಯೂ ಹೆಚ್ಚು ಪ್ರಾಮಾಣಿಕ. ಹೆಂಡದ ವಾಸನೆ ಬಂದ ಕಲ್ಲಂಗಡಿ, ನುರುಗಿದ ದಾಳಿಂಬೆ, ನಾಲಗೆಗೆ ಚುರ್ರೆನ್ನುವ ಅನಾನಸು, ಇವನ್ನು ಮಕ್ಕಳಿಗೆ ಕೊಡತಕ್ಕದ್ದಲ್ಲ. ಕಹಿಯ ವಿಷಯದಲ್ಲಂತೂ ಔದಾರ್ಯ ಬೇಡ. ಸೌತೆ, ಸೋರೆ, ಕರಬೂಜಗಳ ಕುಲದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಸ್ತುವಿದೆ; ಕೆಲವು ಕಾಯಿಗಳಲ್ಲಿ ಅದು ಅತಿಯಾಗಿ, ಹೊಟ್ಟೆಯ ಒಳಪೊರೆಯನ್ನೇ ಸುಡಬಲ್ಲುದು. ಕಹಿ ಸೋರೆಯ ರಸವನ್ನು ಆರೋಗ್ಯಕ್ಕೆಂದು ಕುಡಿದು ಪ್ರಾಣ ಕಳೆದುಕೊಂಡವರಿರುವುದರಿಂದ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನೇಮಿಸಿದ ತಜ್ಞರ ಸಮಿತಿಯು, ಮೊದಲು ಚೂರನ್ನು ರುಚಿ ನೋಡಿ ಕಹಿಯಿದ್ದರೆ ಬಿಸಾಡಬೇಕೆಂದು ವಿಧಿಸಿತು. ಮಗುವು ಮುಖ ಸಿಂಡರಿಸಿ “ಕಹಿ” ಎಂದರೆ ಹಠವೆಂದು ಗದರಿಸಬಾರದು. ಆ ಚೂರನ್ನು ತಾಯಿಯೂ ನಾಲಗೆಗಿಟ್ಟು ನೋಡಬೇಕು. ಶಬರಿಯು ಹಣ್ಣುಗಳನ್ನು ಕಚ್ಚಿ ರುಚಿ ನೋಡಿ ಶ್ರೀರಾಮನಿಗೆ ಕೊಟ್ಟಳೆಂಬ ಕಥೆಯನ್ನು ನಾವೆಲ್ಲ ಬಲ್ಲೆವು. ವಾಲ್ಮೀಕಿಯಲ್ಲಿ ಆ ಸಂಗತಿಯಿಲ್ಲ, ಭಕ್ತರು ಬಳಿಕ ಸೇರಿಸಿದುದು. ಆದರೂ ಸೇರಿಸಿದವರಿಗೆ ಮನೆವಾರ್ತೆಯ ಅನುಭವ ಚೆನ್ನಾಗಿದ್ದಿರಬೇಕು. ಹಾಗೆಂದು ಕಚ್ಚಿದುದನ್ನೇ ಕೊಡಬೇಕಾಗಿಲ್ಲ. ಒಂದು ಹೋಳು ಕೊಯ್ದುಕೊಂಡರೆ ಸಾಕು.

ಹೊಸ ಹಣ್ಣುಗಳ ವಿಚಿತ್ರರೂಪವು ಮತ್ತೊಂದು ಬಗೆಯ ಅಂಜಿಕೆಯನ್ನು ತಂದಿದೆ. ಕೂದಲು ಬೆಳೆದಂತಿರುವ ರಂಬುಟಾನ್, ಹುರುಪೆ ಹುರುಪೆಯಾದ ಡ್ರ್ಯಾಗನ್ ಹಣ್ಣು (ಗುಜರಾತಿನ ಸರಕಾರವು 2021ರಲ್ಲಿ ಇದಕ್ಕೆ ಕಮಲಮ್ ಎಂದು ನಾಮಕರಣ ಮಾಡಿತು), ಇವು ರೂಪದಲ್ಲಿ ಉಗ್ರ, ಸ್ವಭಾವದಲ್ಲಿ ಸೌಮ್ಯ. ಕೆಂಪುತಿರುಳಿನ ಡ್ರ್ಯಾಗನ್ ಹಣ್ಣನ್ನು ತಿಂದ ಮಗುವಿನ ಮೂತ್ರವು ಮರುದಿನ ಕೆಂಪಾಗಬಹುದು. ಬೀಟ್‌ರೂಟಿನಂತೆ ಅದು ಬರಿಯ ಬಣ್ಣ, ರಕ್ತವಲ್ಲ. ಆದರೆ ನಮ್ಮ ಕರಾವಳಿಯ ಹಳೆಯ ಪರಿಚಯದ ಧಾರೆಹುಳಿ, ಕೊಯ್ದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿಯು, ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ನಿಜವಾದ ವಿಷ; ಅದರಲ್ಲಿಯ ವಸ್ತುವೊಂದು ಮಿದುಳಿಗೇರಿ ಸೆಳವನ್ನು ತರಬಲ್ಲುದು. ಅಂತಹ ಮಗುವಿರುವ ಮನೆಗೆ ಅದನ್ನು ತರಲೇಬಾರದು.

ಅಮರಸಿಂಹನು ತನ್ನ ಕೋಶದಲ್ಲಿ ಎಳೆಗಾಯಿಗೆ ಶಲಾಟುವೆಂದು ಪ್ರತ್ಯೇಕ ಹೆಸರನ್ನೇ ಹೇಳಿರುವನು. ಕನ್ನಡದಲ್ಲಿಯೂ ಕಾಯಿ ಬೇರೆ, ಹಣ್ಣು ಬೇರೆ. ಈ ಭೇದದ ಬೆಲೆಯು ಬಿಹಾರದ ಮುಜಫ್ಫರಪುರದಲ್ಲಿ ಬಹು ದಾರುಣವಾಗಿ ತಿಳಿದುಬಂದಿತು. ಲಿಚಿ ತೋಟಗಳ ಆ ನಾಡಿನಲ್ಲಿ 1995ರಿಂದ ಈಚೆಗೆ ಬೇಸಗೆಗಳಲ್ಲಿ ಮಕ್ಕಳು ಬೆಳಗಿನ ಜಾವ ಸೆಳವು ಬಂದು ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. 2014ರಲ್ಲಿ ಎರಡು ಆಸ್ಪತ್ರೆಗಳಿಗೆ ಎರಡು ತಿಂಗಳೊಳಗೆ ಬಂದ 390 ಮಕ್ಕಳಲ್ಲಿ 122 ಮಂದಿ ತೀರಿಕೊಂಡರು. 2017ರಲ್ಲಿ ಪ್ರಕಟವಾದ ಸಂಶೋಧನೆಯು ಎರಡು ಸಂಗತಿಗಳನ್ನು ತೋರಿಸಿತು: ಆ ಮಕ್ಕಳು ಲಿಚಿ ತಿಂದಿದ್ದರು, ಮತ್ತು ಅನೇಕರು ರಾತ್ರಿಯ ಊಟ ಮಾಡಿರಲಿಲ್ಲ. ಲಿಚಿಯಲ್ಲಿ, ಅದರಲ್ಲಿಯೂ ಬಲಿಯದ ಕಾಯಿಯಲ್ಲಿ ಹೆಚ್ಚಾಗಿ, ಇರುವ ವಸ್ತುವೊಂದು ಉಪವಾಸದ ಶರೀರವು ತನಗೆ ಬೇಕಾದ ಸಕ್ಕರೆಯನ್ನು ತಯಾರಿಸಿಕೊಳ್ಳದಂತೆ ತಡೆಯುವುದು. ಹಣ್ಣು ಸೊಟ್ಟಗಿರಲಿಲ್ಲ, ಕೊಳೆತಿರಲಿಲ್ಲ. ಮಗುವಿನ ಹೊಟ್ಟೆ ಬರಿದಾಗಿತ್ತು. ಉಂಡು ಮಲಗುವ ಮಗುವು ಮಾಗಿದ ಲಿಚಿಯನ್ನು ಹಿತಮಿತವಾಗಿ ತಿಂದರೆ ಅಂಜಬೇಕಾದುದಿಲ್ಲ. ಹಣ್ಣನ್ನೇ ಊಟದ ಬದಲು ಮಾಡಬಾರದು.

ಕೊಯ್ಯುವ ಚಾಕುವಿನ ವಿಷಯವಾಗಿ ಎರಡು ಮಾತು. ಕರಬೂಜದ ಜಾಲರಿಯಂತಹ ಒರಟು ಸಿಪ್ಪೆಯಲ್ಲಿ ಸಿಕ್ಕಿದ ಕ್ರಿಮಿಗಳನ್ನು ಚಾಕು ತಿರುಳಿಗೆ ಒಯ್ಯುವುದು. 2011ರಲ್ಲಿ ಅಮೆರಿಕದಲ್ಲಿ ಒಂದೇ ತೋಟದ ಕರಬೂಜದಿಂದ ಹಬ್ಬಿದ ಲಿಸ್ಟೀರಿಯಾ ರೋಗಕ್ಕೆ 33 ಮಂದಿ ಬಲಿಯಾದರು. ಆ ಹಣ್ಣುಗಳನ್ನು ನೋಡಿದವರಿಗೆ ಯಾವ ಕೊರತೆಯೂ ಕಂಡಿರಲಿಲ್ಲ. ಸಿಪ್ಪೆಯನ್ನು ತಿನ್ನದಿದ್ದರೂ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದೇ ಕೊಯ್ಯಬೇಕು; ಕೊಯ್ದುದನ್ನು ಬಹು ಹೊತ್ತು ಹೊರಗಿಡಬಾರದು. ಮತ್ತು ಐದು ವರುಷದೊಳಗಿನ ಮಕ್ಕಳಿಗೆ ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿಯೇ ಕೊಡಬೇಕು. ಇಡಿಯ ದ್ರಾಕ್ಷಿ ಉಸಿರುದಾರಿಗೆ ಸಿಕ್ಕಿದರೆ ಅದರ ಅಂದಚಂದವು ಯಾವ ಸಹಾಯಕ್ಕೂ ಬಾರದು.

ಮನೆಯೊಳಗಿನ ಹಣ್ಣನ್ನು ತಾಯಿ ನೋಡಿಕೊಳ್ಳುವಳು. ಬೇಲಿಯ ಹಣ್ಣನ್ನು ನೋಡುವವರಿಲ್ಲ. ಮೂವತ್ತು ವರುಷಗಳಿಗೂ ಹೆಚ್ಚು ಕಾಲ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಭಾಗವು ಹೆಚ್ಚು ಚಿಂತೆಯದು. ಕಾರೆ, ಕವಳೆ, ಎಲಚಿ, ಈಚಲು, ನೇರಳೆಗಳನ್ನು ತಿನ್ನುವ ಮಕ್ಕಳ ಸುಖವನ್ನು ಕಿತ್ತುಕೊಳ್ಳಬಾರದು. ಅವು ಊರಿನ ಹಿರಿಯರೆಲ್ಲ ತಿಂದು ಬೆಳೆದ, ಹೆಸರುಳ್ಳ ಹಣ್ಣುಗಳು. ಹೆಸರು ಗೊತ್ತಿಲ್ಲದುದನ್ನು ಬಾಯಿಗಿಡಬಾರದೆಂಬುದೊಂದನ್ನು ಕಲಿಸಿದರೆ ಸಾಕು. ಒಂದು ಮಳೆಗಾಲದಲ್ಲಿ ಮಧ್ಯಾಹ್ನದ ವಿರಾಮದ ಬಳಿಕ ನನ್ನ ತರಗತಿಯ ಏಳೆಂಟು ಹುಡುಗರು ಒಬ್ಬರ ಹಿಂದೊಬ್ಬರಂತೆ ವಾಂತಿ ಮಾಡತೊಡಗಿದರು. ಒಬ್ಬನ ಜೇಬನ್ನು ತಡಕಿದಾಗ ಬೇಲಿಯ ಕಾಡುಹರಳಿನ ಬೀಜಗಳು ಸಿಕ್ಕಿದುವು. ಕಡಲೆಬೀಜದಂತೆ ರುಚಿಯಾಗಿತ್ತೆಂದು ಹುಡುಗರು ಹೇಳಿದರು. ಆ ಬೀಜಗಳನ್ನು ಒಂದು ಕಾಗದದಲ್ಲಿ ಕಟ್ಟಿ ಮಕ್ಕಳೊಡನೆಯೇ ಆಸ್ಪತ್ರೆಗೆ ಒಯ್ದೆವು. ವೈದ್ಯರು ನೋಡಿದೊಡನೆ ಗುರುತಿಸಿದರು, ಮರುದಿನ ಎಲ್ಲರೂ ಮನೆಗೆ ಬಂದರು.

ಎಲ್ಲ ಬೀಜಗಳೂ ಅಷ್ಟು ದಯೆಯುಳ್ಳವಲ್ಲ. ಹಳದಿ ಕಣಗಿಲೆಯ ಹಸಿರು ಕಾಯಿ, ಉಮ್ಮತ್ತಿಯ ಮುಳ್ಳುಕಾಯಿ, ಹರಳು, ಗುಲಗಂಜಿ, ಇವು ಶಾಲೆಯ ಬೇಲಿಯಲ್ಲಿಯೂ ದೇವಸ್ಥಾನದ ಹೂದೋಟದಲ್ಲಿಯೂ ಕೈಗೆಟಕುವಂತೆ ಬೆಳೆದಿರುವುವು. ಮಗುವು ಇವನ್ನು ತಿಂದಿತೆಂದು ಸಂಶಯ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಬಿಡಬೇಕು. ಅದರಿಂದಲೇ ಹೊಸ ಅಪಾಯವುಂಟಾಗುವುದು. ಬಾಯಲ್ಲಿ ಉಳಿದುದನ್ನು ಬೆರಳಿನಿಂದ ತೆಗೆದು, ಬಾಯಿ ಮುಕ್ಕಳಿಸಿ, ತಿಂದುದರ ಉಳಿದ ಚೂರನ್ನು, ಚೂರಿಲ್ಲದಿದ್ದರೆ ಆ ಗಿಡದ ಕೊಂಬೆಯೊಂದನ್ನು, ಜತೆಯಲ್ಲಿಟ್ಟುಕೊಂಡು 108ರ ವಾಹನವನ್ನು ಕರೆಯಬೇಕು. ಮಗು ಆಡುತ್ತಲೇ ಇದ್ದರೂ ತಡಮಾಡಕೂಡದು. ಕಣಗಿಲೆಯ ವಿಷವು ಹೃದಯವನ್ನು ಹಿಡಿಯುವುದು ಕೆಲವು ಗಂಟೆಗಳ ತರುವಾಯ.